‘ಒಂದು ಪ್ಲೇಟು, ನಾಲ್ಕು ಬುಷ್’: ಅದಕ್ಯಾಕೆ ಡಿಸೈನ್ ಚಾರ್ಜ್?

ಹುಬ್ಬಳ್ಳಿ ಗೋಕುಲ್ ರೋಡ್‌ನ ನಮ್ಮ ಜಿಗ್ ಶಾಪ್‌ನಿಂದ ಎಲ್ಲ ಮಾಲಕರಿಗೂ, ಪರ್ಚೇಸ್‌ನವರಿಗೂ, ಮಷಿನ್ ಶಾಪ್ ಸೂಪರ್‌ವೈಸರ್‌ಗಳಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯೋದಿದ್ದರೆ ಬೈಯಿರಿ. ಈ ದೀಪಾವಳಿ ಪಾಡ್ಯದಿಂದ ಡ್ರಿಲ್ ಜಿಗ್‌ಗಳಿಗೆ ಡಿಸೈನ್ ಚಾರ್ಜ್ ಬೇರೆಯಾಗಿ ಹಾಕುತ್ತೇವೆ. ಜಿಗ್ ಅಂದರೆ ಪಾರ್ಟನ್ನ ಹಿಡಿದು, ಬುಷ್ ಅನ್ನುವ ಗಟ್ಟಿ ಸ್ಟೀಲ್ ಕೊಳವೆಯ ಮೂಲಕ ಡ್ರಿಲ್‌ಗೆ ದಾರಿ ತೋರಿಸಿ, ಪ್ರತಿ ಪೀಸಿನಲ್ಲೂ ಹೋಲ್ ಒಂದೇ ಜಾಗಕ್ಕೆ ಬೀಳುವಂತೆ ಮಾಡುವ ಸಾಧನ. ಸಾದಾ ಪ್ಲೇಟ್ ಜಿಗ್‌ಗೆ 2,500 ರೂಪಾಯಿ, ಕ್ಲಾಂಪು, ಇಂಡೆಕ್ಸಿಂಗು (ಪಾರ್ಟನ್ನ ಅಳತೆ ಪ್ರಕಾರ ತಿರುಗಿಸಿ ನಿಲ್ಲಿಸೋದು) ಎಲ್ಲ ಇರುವ ಬಾಕ್ಸ್ ಜಿಗ್‌ಗೆ 6,000. ಜಿಗ್ ನಮ್ಮಲ್ಲೇ ಮಾಡಿಸಿದರೆ ಅದರಲ್ಲಿ ಅರ್ಧ ಬಿಲ್‌ನಲ್ಲಿ ಕಳೆಯುತ್ತೇವೆ. ಡ್ರಾಯಿಂಗ್ ತಗೊಂಡು ಬೇರೆ ಕಡೆ ಮಾಡಿಸುತ್ತೀರಾ, ಮಾಡಿಸಿ, ಬೇಜಾರಿಲ್ಲ, ಆದರೆ ಪೂರ್ತಿ ಚಾರ್ಜ್ ಕೊಟ್ಟು ತಗೊಂಡು ಹೋಗಿ. ಎರಡನೇದು, ವಾಟ್ಸಾಪ್ ಫೋಟೋ ನೋಡಿ ರೇಟ್ ಹೇಳೋದು ಬಂದ್. ಡ್ರಾಯಿಂಗ್ ಬೇಕು, ಜೊತೆಗೆ ಎರಡು ಕಾಸ್ಟಿಂಗ್ (ಹೋಲ್ ಹೊಡೆಯಬೇಕಾದ ಎರಕದ ಪಾರ್ಟ್) ಬೇಕು. ಯಾಕೆ ಎರಡು ಅನ್ನೋದನ್ನ ಮುಂದೆ ಹೇಳುತ್ತೇನೆ.

ಅಪ್ಪನ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನನಗೂ ಗೊತ್ತು. ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ‘ನಾಡಿದ್ದು ಬರ್ರಿ’ ಅಂತಿದ್ದರು, ನೀವು ನಾಡಿದ್ದು ಬರುತ್ತಿದ್ದಿರಿ. ಆಗ ಬರುತ್ತಿದ್ದ ಕೆಲಸ ಬೇರೆ, ಈಗ ಬರುವ ಡ್ರಾಯಿಂಗ್ ಬೇರೆ. ಅದು ಬಿಡಿ.

ಈ ಎರಡು ವರ್ಷದಲ್ಲಿ ನಾನು ಅತಿ ಜಾಸ್ತಿ ಕೇಳಿದ ಮಾತು ಒಂದೇ. ‘ಅಲ್ರೀ, ಒಂದು ಪ್ಲೇಟು, ನಾಲ್ಕು ಬುಷ್, ಅದಕ್ಕೆ ಇಷ್ಟು ದುಡ್ಡಾ?’ ಫೋನಲ್ಲಿ ಕೇಳಿದ್ದೀರಿ, ಕೌಂಟರ್‌ನಲ್ಲಿ ಕೇಳಿದ್ದೀರಿ, ಒಬ್ಬರು ನಮ್ಮ ಮನೆ ಮದುವೆ ಊಟದ ಪಂಕ್ತಿಯಲ್ಲೂ ಕೇಳಿದರು. ಅಲ್ಲಿ ನಕ್ಕು ಸುಮ್ಮನಾದೆ. ಇವತ್ತು ಉತ್ತರ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಿಮ್ಮಲ್ಲಿ ಹೆಚ್ಚಿನವರು ವಾಲ್ವ್ ಮಾಡುವವರು, ಹಾಗಾಗಿ ವಾಲ್ವ್ ಬಾಡಿಯನ್ನೇ ತಗೊಳ್ಳೋಣ. ಮೇಲೆ ಆಕ್ಚುಯೇಟರ್ (ವಾಲ್ವನ್ನ ತೆರೆದು ಮುಚ್ಚುವ ಯಂತ್ರ) ಕೂರುವ ಪ್ಯಾಡ್, ಐಎಸ್‌ಒ 5211 ಅನ್ನುವ ಸ್ಟ್ಯಾಂಡರ್ಡ್ ಪ್ರಕಾರ ಎಫ್07 ಸೈಜು. ಅಂದರೆ 70 ಎಂಎಂ ಪಿಸಿಡಿಯಲ್ಲಿ (ಹೋಲ್‌ಗಳ ಸೆಂಟರ್ ಕೂರುವ ವೃತ್ತದ ವ್ಯಾಸ) ನಾಲ್ಕು ಹೋಲ್, ಎಂ8 ಬೋಲ್ಟಿಗೆ 9 ಎಂಎಂ. ನೋಡೋಕೆ ನಿಜವಾಗಲೂ ಒಂದು ಪ್ಲೇಟು, ನಾಲ್ಕು ಬುಷ್. ಆದರೆ ಆ ನಾಲ್ಕು ಹೋಲ್ ಯಾವುದಕ್ಕೆ ಸರಿಯಾಗಿರಬೇಕು? ಪ್ಯಾಡಿನ ಹೊರ ಅಂಚಿಗಾ? ಅದು ಕಾಸ್ಟಿಂಗ್, ಇವತ್ತು ಒಂದು ಥರ, ನಾಳೆ ಒಂದು ಥರ. ಅವು ಸ್ಟೆಮ್ ಬೋರ್‌ಗೆ (ವಾಲ್ವ್ ತಿರುಗಿಸುವ ಕಡ್ಡಿ ಹೋಗುವ ತೂತು) ಸರಿಯಾಗಿರಬೇಕು, ಇಲ್ಲದಿದ್ದರೆ ಆಕ್ಚುಯೇಟರ್ ಕೂತ ಮೇಲೆ ಸ್ಟೆಮ್ ಒಂದು ಕಡೆಗೆ ಒತ್ತಿಕೊಂಡು ಸೋರದಂತೆ ಸುತ್ತ ತುಂಬಿದ ಗ್ಲ್ಯಾಂಡ್ ಪ್ಯಾಕಿಂಗ್ ತಿನ್ನುತ್ತೆ. ಹಾಗಾಗಿ ಸ್ಟೆಮ್ ಬೋರ್‌ನಲ್ಲಿ ಪಿನ್ ಕೂರಬೇಕು. ಪಿನ್ ಕೂತರೆ ಸಾಕಾ? ಸಾಲದು, ಪ್ಲೇಟು ಪಿನ್ನಿನ ಸುತ್ತ ತಿರುಗುತ್ತೆ. ಅದನ್ನ ಹಿಡಿಯೋಕೆ ಇನ್ನೊಂದು ಜಾಗ ಬೇಕು. ಆ ಜಾಗ ಮಷಿನಿಂಗ್ ಆಗಿದೆಯೋ ಇಲ್ಲವೋ, ನಿಮ್ಮಲ್ಲಿ ಯಾವ ಆಪರೇಷನ್ ಮೊದಲು, ಯಾವುದು ಆಮೇಲೆ, ಇಷ್ಟೂ ಕೇಳಬೇಕು. ಪರ್ಚೇಸ್‌ನವರಿಗೆ ಫೋನ್ ಮಾಡಿದರೆ ‘ಶಾಪ್‌ನವರನ್ನ ಕೇಳಿ’ ಅಂತಾರೆ, ಶಾಪ್‌ನವರು ‘ಡ್ರಾಯಿಂಗ್‌ನಲ್ಲಿದೆ ನೋಡಿ’ ಅಂತಾರೆ. ಡ್ರಾಯಿಂಗ್‌ನಲ್ಲಿ ಇರಲ್ಲ. ಈ ಓಡಾಟಕ್ಕೇ ಅರ್ಧ ದಿನ ಹೋಗುತ್ತೆ, ಅದನ್ನ ಇಷ್ಟು ದಿನ ಯಾವ ಬಿಲ್‌ನಲ್ಲೂ ಹಾಕಿಲ್ಲ.

ಇನ್ನು ಬುಷ್. 9 ಎಂಎಂ ಡ್ರಿಲ್‌ಗೆ ಎಫ್7 ಫಿಟ್ (ಎಷ್ಟು ಸಡಿಲ ಬಿಡಬೇಕು ಅನ್ನುವ ಲೆಕ್ಕ, ಮೇಲಿನ ಎಫ್07 ಅಲ್ಲ) ಇಟ್ಟರೆ ಬುಷ್ ಒಳಗಿನ ಬೋರ್ 9.013ರಿಂದ 9.028 ಎಂಎಂ ಒಳಗೆ ಇರಬೇಕು. ಅದಕ್ಕಿಂತ ಬಿಗಿಯಾದರೆ ಡ್ರಿಲ್ ಬಿಸಿಯಾಗಿ ಹಿಡಿದುಕೊಳ್ಳುತ್ತೆ, ಸಡಿಲ ಆದರೆ ದಾರಿ ತೋರಿಸಲ್ಲ. ಬುಷ್ ಉದ್ದ ಡ್ರಿಲ್ ವ್ಯಾಸದ ಒಂದೂವರೆ ಪಟ್ಟಿನಿಂದ ಎರಡು ಪಟ್ಟು. ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡುವ) ಸ್ಟೀಲು, ಗಟ್ಟಿತನ ರಾಕ್‌ವೆಲ್ ಅಳತೆಯಲ್ಲಿ 60ರಿಂದ 62 ಎಚ್‌ಆರ್‌ಸಿ. ಮೊದಲು ಟರ್ನಿಂಗ್, ಆಮೇಲೆ ಹೀಟ್ ಟ್ರೀಟ್‌ಮೆಂಟ್, ಅಲ್ಲಿ ಅದು ಸ್ವಲ್ಪ ಸೊಟ್ಟಗಾಗಿ ಬರುತ್ತೆ, ಆಮೇಲೆ ಒಳಗೂ ಹೊರಗೂ ಗ್ರೈಂಡಿಂಗ್. ನಾಲ್ಕು ಬುಷ್ ಎಲ್ಲ ಸೇರಿ ಕಾಲು ಕಿಲೋ ತೂಗಲ್ಲ, ಆದರೆ ಹೀಟ್ ಟ್ರೀಟ್‌ಮೆಂಟ್‌ನವರಿಗೆ ಮಿನಿಮಮ್ ಬಿಲ್ ಅಂತ ಒಂದಿದೆ, ಕಾಲು ಕಿಲೋ ಹಾಕಿದರೂ ಅಷ್ಟೇ, ಬುಟ್ಟಿ ತುಂಬ ಹಾಕಿದರೂ ಅಷ್ಟೇ. ನಾವು ಬುಟ್ಟಿ ತುಂಬೋವರೆಗೂ ಕಾದರೆ ನೀವು ‘ಜಿಗ್ ಎಲ್ಲಿ’ ಅಂತೀರಿ, ಕಾಯದೆ ಕಳಿಸಿದರೆ ‘ರೇಟ್ ಜಾಸ್ತಿ’ ಅಂತೀರಿ. ಎರಡರಲ್ಲಿ ಒಂದನ್ನ ಆರಿಸಿ, ನಾನು ಹಾಗೇ ಮಾಡುತ್ತೇನೆ.

ಬುಷ್ಷಿಗೂ ಕಾಸ್ಟಿಂಗಿಗೂ ನಡುವೆ ಎಷ್ಟು ಗ್ಯಾಪ್ ಬಿಡಬೇಕು ಅನ್ನೋದು ಇನ್ನೊಂದು. ಕಾಸ್ಟ್ ಐರನ್ ಪುಡಿ ಪುಡಿಯಾಗಿ ಉದುರುತ್ತೆ, ಅದಕ್ಕೆ ಡ್ರಿಲ್ ವ್ಯಾಸದ ಅರ್ಧದಷ್ಟು ಗ್ಯಾಪ್ ಸಾಕು. ಡಬ್ಲ್ಯುಸಿಬಿ, ಅಂದರೆ ಕಾರ್ಬನ್ ಸ್ಟೀಲ್ ಎರಕ, ಉದ್ದುದ್ದ ಸುರುಳಿ ಬರುತ್ತೆ, ಅದಕ್ಕೆ ಡ್ರಿಲ್ ವ್ಯಾಸದಷ್ಟೇ, ಕೆಲವೊಮ್ಮೆ ಒಂದೂವರೆ ಪಟ್ಟು ಬೇಕು. ಕಡಿಮೆ ಬಿಟ್ಟರೆ ಆ ಸುರುಳಿ ಬುಷ್ ಒಳಗಿಂದಲೇ ಮೇಲೆ ಬರುತ್ತಾ ಬುಷ್ಷನ್ನೇ ಕೊರೆಯುತ್ತೆ. ಒಬ್ಬ ಗ್ರಾಹಕರು ನಮ್ಮಿಂದ ಕಾಸ್ಟ್ ಐರನ್‌ಗೆ ಅಂತ ಜಿಗ್ ತಗೊಂಡು ಹೋಗಿ, ಮೂರು ತಿಂಗಳಾದ ಮೇಲೆ ಅದರಲ್ಲೇ ಸಿಎಫ್8ಎಂ ಸ್ಟೇನ್‌ಲೆಸ್ ಹಾಕಿ ಹೊಡೆದರು. ‘ನಿಮ್ಮ ಬುಷ್ ಬೆಣ್ಣೆ ಇದ್ದಂಗೆ ಸವೆಯುತ್ತೆ’ ಅಂತ ಡೆಬಿಟ್ ನೋಟ್ ಬಂತು. ಮೊಂಡು ಡ್ರಿಲ್ ಇಟ್ಟು ಒತ್ತಿದರೆ ಸ್ಟೇನ್‌ಲೆಸ್ ಅಲ್ಲೇ ಗಟ್ಟಿಯಾಗುತ್ತೆ, ಆಮೇಲೆ ಯಾರ ಬುಷ್ ಇದ್ದರೂ ಉಳಿಯಲ್ಲ. ಬುಷ್ ಬದಲಿಸಿ ಕೊಟ್ಟೆವು, ದುಡ್ಡು ತಗೊಳ್ಳಲಿಲ್ಲ. ಅದು ನಮ್ಮ ತಪ್ಪು ಅಂತ ಒಪ್ಪಿಕೊಂಡು ಕೊಟ್ಟದ್ದಲ್ಲ, ಸಂಬಂಧ ಕೆಡಬಾರದು ಅಂತ ಕೊಟ್ಟದ್ದು. ಈ ವ್ಯತ್ಯಾಸ ಬರೆದು ಇಡಬೇಕು ಅನ್ನಿಸಿತು, ಬರೆದೆ.

ಕಾಲಿನ ವಿಷಯವೂ ಹೇಳಿಬಿಡುತ್ತೇನೆ. ‘ಜಿಗ್‌ಗೆ ನಾಲ್ಕು ಕಾಲು ಯಾಕೆ, ಮೂರು ಇಟ್ಟು ಒಂದರ ಗ್ರೈಂಡಿಂಗ್ ಉಳಿಸಿ’ ಅಂತ ಬುದ್ಧಿವಂತರೊಬ್ಬರು ಹೇಳಿದರು. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಅಲ್ಲಾಡಲ್ಲ. ಅದೇ ತೊಂದರೆ. ಒಂದು ಕಾಲಿನ ಕೆಳಗೆ ಚಿಪ್ಸ್ ಸಿಕ್ಕಿದರೂ ಅದು ಗಟ್ಟಿಯಾಗಿ, ವಾಲಿಕೊಂಡು ಕೂರುತ್ತೆ, ಹೋಲ್ ಎಲ್ಲ ವಾರೆ. ನಾಲ್ಕು ಕಾಲಿದ್ದರೆ ಟಕ್ ಟಕ್ ಅಂತ ಅಲ್ಲಾಡುತ್ತೆ, ಆಪರೇಟರ್ ಕೈಗೆ ಗೊತ್ತಾಗುತ್ತೆ, ಎತ್ತಿ ಬ್ರಷ್ ಹೊಡೀತಾನೆ. ಹೋದ ತಿಂಗಳು ‘ಹೋಲ್ ವಾರೆ ಹೋಗುತ್ತಿದೆ’ ಅಂತ ವಾಪಸ್ ಬಂದ ಒಂದು ಜಿಗ್ಗನ್ನು ಸರ್ಫೇಸ್ ಪ್ಲೇಟ್ (ಚೆಕ್ ಮಾಡೋಕೆ ಇರುವ ಪಕ್ಕಾ ಸಮತಟ್ಟಾದ ಪ್ಲೇಟ್) ಮೇಲೆ ಇಟ್ಟೆ. ಟಕ್ ಟಕ್. ತಿರುಗಿಸಿ ನೋಡಿದರೆ ಒಂದು ಕಾಲಿಗೆ ವೆಲ್ಡಿಂಗ್ ಕಿಡಿ ಹಾರಿ ಸಾಸಿವೆ ಕಾಳಿನಷ್ಟು ಗಂಟು ಅಂಟಿದೆ. ಯಾರೋ ನಮ್ಮ ಜಿಗ್ಗನ್ನ ವೆಲ್ಡಿಂಗ್ ಟೇಬಲ್ ಮೇಲೆ ಇಟ್ಟಿದ್ದಾರೆ. ಬುಷ್ ಬಾಯಿ ಸುತ್ತಲೂ ಸವೆದು ಅಗಲ ಆಗಿತ್ತು, ಅಂದರೆ ಡ್ರಿಲ್ಲನ್ನ ಕೈಯಲ್ಲಿ ಸಾಣೆ ಹಿಡಿದಿದ್ದಾರೆ, ಕೊರೆಯುವ ಎರಡು ತುಟಿ ಸಮ ಇಲ್ಲ. ಡ್ರಿಲ್ ತಿರುಗುವಾಗ ಪಕ್ಕಕ್ಕೆ ತಳ್ಳುತ್ತಾ ಬುಷ್ಷನ್ನ ತಿಂದಿದೆ. ಗಂಟನ್ನ ಕಲ್ಲಿನಿಂದ ಉಜ್ಜಿ ತೆಗೆದು, ಎರಡು ಬುಷ್ ಬದಲಿಸಿ ಕಳಿಸಿದೆವು. ಆಮೇಲೆ ದೂರು ಬಂದಿಲ್ಲ, ‘ಸರಿಯಾಯ್ತು’ ಅನ್ನುವ ಫೋನೂ ಬಂದಿಲ್ಲ.

ಆದರೆ ಎಲ್ಲ ತಪ್ಪೂ ನಿಮ್ಮದೇ ಅಂತ ಹೇಳೋಕೆ ಈ ಪತ್ರ ಬರೀತಿಲ್ಲ. ನಮ್ಮದೂ ಒಂದು ದೊಡ್ಡದಿದೆ. ಅದನ್ನ ಬಚ್ಚಿಟ್ಟರೆ ಮೇಲೆ ಬರೆದದ್ದಕ್ಕೆಲ್ಲ ಬೆಲೆ ಇರಲ್ಲ.

ಹೋದ ವರ್ಷ ಒಂದು ಗೇರ್ ಕವರ್‌ಗೆ ಜಿಗ್ ಮಾಡಿದೆವು. ಆರು ಹೋಲ್, ಅದರಲ್ಲಿ ಒಂದು ಬೇಕಂತಲೇ ನಾಲ್ಕು ಎಂಎಂ ಸರಿದಿರುತ್ತೆ, ಕವರ್ ಉಲ್ಟಾ ಕೂರಬಾರದು ಅಂತ. ನಮ್ಮ ಜಿಗ್‌ನಲ್ಲಿ ಆ ಕವರನ್ನ ಮಗುಚಿ ಹಾಕಿದರೂ ಕೂರುತ್ತಿತ್ತು. ಎರಡನೇ ಶಿಫ್ಟಿನ ಹೊಸ ಹುಡುಗ 38 ಕವರ್ ಹಾಗೇ ಹೊಡೆದ, ಎಲ್ಲದರಲ್ಲೂ ಸರಿದ ಹೋಲ್ ಕನ್ನಡಿಯಲ್ಲಿ ಕಂಡಂತೆ ಆ ಕಡೆ. 38ಕ್ಕೆ 38 ಗುಜರಿ. ಎರಡು ದಿನ ನಾನು ‘ಆಪರೇಟರ್ ನೋಡಬೇಕಿತ್ತು’ ಅಂತ ವಾದ ಮಾಡಿದೆ. ಮೂರನೇ ದಿನ ನಮ್ಮ ಟೂಲ್ ರೂಮಿನ ಹಿರಿಯರು ಆ ಜಿಗ್ಗನ್ನ ನನ್ನ ಟೇಬಲ್ ಮೇಲೆ ತಂದಿಟ್ಟು, ಕವರ್ ಕೈಗೆ ಕೊಟ್ಟು, ‘ಹಾಕಿ ನೋಡಿ ಸರ್’ ಅಂದರು. ನಾನೂ ಉಲ್ಟಾನೇ ಹಾಕಿದೆ. ಒಂದು 6 ಎಂಎಂ ಡೋವೆಲ್ ಪಿನ್ ಸರಿಯಾದ ಜಾಗದಲ್ಲಿ ಇದ್ದಿದ್ದರೆ ಅದು ಉಲ್ಟಾ ಕೂರುತ್ತಲೇ ಇರಲಿಲ್ಲ. ಒಂದು ಪಿನ್! ಕಾಸ್ಟಿಂಗ್‌ನ ದುಡ್ಡು ನಾವು ಕಟ್ಟಿಕೊಟ್ಟೆವು. ಅವರು ಇವತ್ತಿಗೂ ನಮ್ಮ ಗ್ರಾಹಕರೇ, ಈ ಪತ್ರ ಓದುತ್ತಿದ್ದಾರೆ. ಸರ್, ಆ ಎರಡು ದಿನದ ವಾದಕ್ಕೆ ಕ್ಷಮೆ ಇರಲಿ.

ಆ ಪಿನ್ ಯಾಕೆ ಮರೆತೆವು ಗೊತ್ತಾ? ಡ್ರಾಯಿಂಗ್ ಸಂಜೆ ಬಂತು, ಕೊಟೇಶನ್ ಬೆಳಿಗ್ಗೆ ಬೇಕು, ಇನ್ನೂ ಮೂರು ಕಡೆ ರೇಟ್ ಕೇಳಿದ್ದಾರೆ, ಡಿಸೈನ್‌ಗೆ ದುಡ್ಡಿಲ್ಲ, ಹಾಗಾಗಿ ಡಿಸೈನ್‌ಗೆ ಟೈಮೂ ಇಲ್ಲ. ನೆಪ ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. ಈಗ ತಗೊಳ್ಳುವ 2,500ರಲ್ಲಿ ಏನಾಗುತ್ತೆ ಅಂದರೆ, ಒಬ್ಬರು ಡಿಸೈನ್ ಮಾಡುತ್ತಾರೆ, ಇನ್ನೊಬ್ಬರು ಅದನ್ನ ಕೆಡಿಸೋಕೆ ಪ್ರಯತ್ನ ಪಡುತ್ತಾರೆ. ಉಲ್ಟಾ ಕೂರುತ್ತಾ, ಕ್ಲಾಂಪ್ ಬಿಗಿದಾಗ ಪಾರ್ಟ್ ಬಾಗುತ್ತಾ, ಹೋಲ್ ಆದ ಮೇಲೆ ಬರ್ (ಅಂಚಿನ ಮುಳ್ಳು) ಎದ್ದು ಪಾರ್ಟ್ ಒಳಗೇ ಸಿಕ್ಕಿಕೊಳ್ಳುತ್ತಾ, ಚಿಪ್ಸ್ ಎಲ್ಲಿ ಬೀಳುತ್ತೆ. ನೀವು ಹೂಂ ಅನ್ನೋವರೆಗೂ ಸ್ಟೀಲ್ ಕತ್ತರಿಸಲ್ಲ.

ಎರಡು ಕಾಸ್ಟಿಂಗ್ ಯಾಕೆ ಅಂದಿರಲ್ಲ. ನೀವು ಯಾವಾಗಲೂ ಸ್ಯಾಂಪಲ್‌ಗೆ ಕಳಿಸೋದು ಇದ್ದುದರಲ್ಲೇ ಚೆಂದದ್ದನ್ನ, ಹೆಣ್ಣು ತೋರಿಸೋ ಹಾಗೆ. ಜಿಗ್ ಅದಕ್ಕೆ ಸರಿಯಾಗಿ ಕೂರುತ್ತೆ. ಆಮೇಲೆ ಫೌಂಡ್ರಿಯಿಂದ ಕೋರ್ (ಒಳಗಿನ ಟೊಳ್ಳಿನ ಅಚ್ಚು) ಸರಿದ ಲಾಟ್ ಬಂದಾಗ ಕೂರಲ್ಲ, ಹುಡುಗರು ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ, ಅಲ್ಲಿಗೆ ಪಾರ್ಟನ್ನ ಜಾಗಕ್ಕೆ ಕೂರಿಸುವ ಲೊಕೇಟರ್ ಕಥೆ ಮುಗೀತು. ಅದಕ್ಕೇ ಒಂದು ಒಳ್ಳೆಯದು ಕೊಡಿ, ನಿಮ್ಮ ಇನ್‌ಸ್ಪೆಕ್ಷನ್‌ನವರು ಕಷ್ಟಪಟ್ಟು ಪಾಸ್ ಮಾಡಿದ್ದು ಒಂದು ಕೊಡಿ. ಒರಟು ಮೈ ಇರುವ ಕಡೆ ಅಡ್ಜಸ್ಟ್ ಆಗುವ ಸಪೋರ್ಟ್ ಇಡುತ್ತೇವೆ.

ಇನ್ನೊಂದು ಮಾತು, ಇದನ್ನ ಹೇಳಿದರೆ ನನಗೇ ನಷ್ಟ. ಎಲ್ಲದಕ್ಕೂ ಜಿಗ್ ಬೇಡ. ಇಪ್ಪತ್ತು ಪೀಸ್ ಮಾಡಿ ಮುಗಿಸುವ ಆರ್ಡರ್ ಆದರೆ ವಿಎಂಸಿ (ಕಂಪ್ಯೂಟರ್ ನಡೆಸುವ ಮಷಿನ್) ಇರುವವರ ಹತ್ತಿರ ಹೊಡೆಸಿ, ಅಗ್ಗ ಆಗುತ್ತೆ. ಹಾಗೇ ಫ್ಲೇಂಜ್ (ಪೈಪಿಗೆ ಬೋಲ್ಟ್ ಹಾಕಿ ಜೋಡಿಸುವ ಅಂಚು) ಹೋಲುಗಳಿಗೆ ಎಎಸ್‌ಎಂಇ ಬಿ16.5 ಸ್ಟ್ಯಾಂಡರ್ಡ್‌ನಲ್ಲಿ ಹೋಲಿನಿಂದ ಹೋಲಿಗೆ 0.8 ಎಂಎಂ ಆಚೀಚೆ ನಡೆಯುತ್ತೆ. 4 ಇಂಚು, ಕ್ಲಾಸ್ 150 (ಒತ್ತಡದ ದರ್ಜೆ) ಫ್ಲೇಂಜ್, 190.5 ಪಿಸಿಡಿಯಲ್ಲಿ 8 ಹೋಲ್, ಅದಕ್ಕೆ ಸಾದಾ ಪ್ಲೇಟ್ ಜಿಗ್ ಸಾಕು, ಅದರ ಡಿಸೈನ್ ನಮ್ಮಲ್ಲಿ ರೆಡಿ ಇದೆ, ಅದಕ್ಕೆ ಡಿಸೈನ್ ಚಾರ್ಜ್ ಇಲ್ಲ. ಒಂದೇ ನೆನಪಿಡಿ, ಹೋಲ್‌ಗಳು ಸೆಂಟರ್‌ಲೈನ್ ಮೇಲೆ ಬರಬಾರದು, ಆಚೀಚೆ ಬರಬೇಕು. ಅದಕ್ಕೊಂದು ಗುರುತಿನ ಪಿನ್ ಇಟ್ಟೇ ಕೊಡುತ್ತೇವೆ. ಪಿನ್ ವಿಷಯದಲ್ಲಿ ಈಗ ನಾವು ತುಂಬಾ ಹುಷಾರು!

ಪೇಮೆಂಟ್ ಬಗ್ಗೆ ಎರಡೇ ಸಾಲು. ಸಣ್ಣ ಕೈಗಾರಿಕೆಯವರಿಗೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ನಾನು ಕಾಯ್ದೆ ಹಿಡಿದುಕೊಂಡು ಬರಲ್ಲ, ನೀವೂ 120 ದಿನ ಮಾಡಬೇಡಿ.

ಹಳೆ ಜಿಗ್‌ಗಳಿಗೆ ಹಳೆ ಮಾತೇ. ನಮ್ಮ ನಂಬರ್ ಪಂಚ್ ಆಗಿರುವ ಯಾವ ಜಿಗ್ಗನ್ನೂ ತನ್ನಿ, ಅಪ್ಪ ಮಾಡಿದ್ದಾದರೂ ಸರಿ, ಸರ್ಫೇಸ್ ಪ್ಲೇಟ್ ಮೇಲೆ ಇಟ್ಟು ಚೆಕ್ ಮಾಡಿಕೊಡೋಕೆ ದುಡ್ಡಿಲ್ಲ. ಬುಷ್ ಬದಲಿಸಬೇಕಾದರೆ ಬುಷ್ಷಿನ ರೇಟ್ ಮಾತ್ರ. ಇನ್ಮೇಲೆ ಜಾಸ್ತಿ ಪೀಸ್ ಹೊಡೆಯುವ ಜಿಗ್‌ಗೆ ಲೈನರ್ (ಪ್ಲೇಟಿನಲ್ಲಿ ಕಾಯಂ ಕೂರುವ ಹೊರ ಬುಷ್) ಹಾಕಿ, ಕೈಯಲ್ಲೇ ತಿರುಗಿಸಿ ತೆಗೆಯುವ ಬುಷ್ ಕೊಡುತ್ತೇವೆ, ಬದಲಿಸೋಕೆ ನಮ್ಮ ತನಕ ಬರಬೇಕಾಗಿಲ್ಲ. ಹೊಸ ಜಿಗ್ ಹೋದ ದಿನ ಮೊದಲ ಐದು ಪೀಸ್ ಹೊಡೆಯುವಾಗ ನಾನೇ ಬಂದು ನಿಮ್ಮ ಮಷಿನ್ ಪಕ್ಕ ನಿಲ್ಲುತ್ತೇನೆ, ಎರಡನೇ ಶಿಫ್ಟ್ ಆದರೂ ಸರಿ. ತಾರಿಹಾಳದವರಿಗೂ ಅಷ್ಟೇ, ಧಾರವಾಡದವರಿಗೂ ಅಷ್ಟೇ.

ಪಾಡ್ಯದ ದಿನ ಸಂಜೆ ಶಾಪ್‌ನಲ್ಲಿ ಪೂಜೆ ಇದೆ, ಯಾವಾಗಿನಂತೆ ಎಲ್ಲರೂ ಬನ್ನಿ. ಬೈಯೋದಿದ್ದರೆ ಪ್ರಸಾದ ತಗೊಂಡ ಮೇಲೆ ಬೈಯಿರಿ. ಹೊಸ ಕೆಲಸ ಇರುವವರು ಬರುವಾಗ ಎರಡು ಕಾಸ್ಟಿಂಗ್ ತನ್ನಿ, ಒಂದು ಚೆಂದದ್ದು, ಒಂದು ಇಲ್ಲದ್ದು.