ಶಾಂತಿಪಡೆ ಕ್ಲಿನಿಕ್‌ನ ಡಾಕ್ಟರ್ ಯಾರ ಡಾಕ್ಟರ್?

ಸಂಪಾದಕರಿಗೆ ನಮಸ್ಕಾರ,

ಮೇ 29, ವಿಶ್ವಸಂಸ್ಥೆ ಶಾಂತಿಪಾಲಕರ ದಿನಕ್ಕೆ ನಿಮ್ಮ ಪೇಪರ್‌ನಲ್ಲಿ ಒಂದು ಪೂರ್ತಿ ಪುಟ ಕೊಟ್ಟಿದ್ರಿ, ಓದಿ ಖುಷಿ ಆಯ್ತು, ಕನ್ನಡದಲ್ಲಿ ಈ ವಿಷ್ಯ ಬರೋದೇ ಕಮ್ಮಿ. ಆದ್ರೆ ಅದ್ರಲ್ಲಿ ಒಂದು ಸಾಲಿತ್ತು, ಶಾಂತಿಪಡೆ ಜೊತೆ ಹೋಗೋ ಸ್ವಯಂಸೇವಕ ಡಾಕ್ಟರ್‌ಗಳು ಒಂದು ರೂಪಾಯಿನೂ ತಗೊಳ್ದೆ ಯುದ್ಧದಲ್ಲಿ ಗಾಯ ಆದ ಜನಕ್ಕೆ ಆಪರೇಷನ್ ಮಾಡ್ತಾರೆ ಅಂತ. ಅದನ್ನ ಓದ್ಕೊಂಡು ನನ್ನ ಮೂರು ಜನ ಜೂನಿಯರ್‌ಗಳು ಫೋನ್ ಮಾಡಿದ್ರು, ನಾವೂ ಹೋಗ್ತೀವಿ, ಹೇಗೆ ಅಪ್ಲೈ ಮಾಡೋದು ಅಂತ. ನಾನು ದಕ್ಷಿಣ ಸುಡಾನ್‌ನಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿ ಬಂದಿದ್ದೀನಿ, ಹೋಗ್ಬೇಡಿ ಅಂತ ಯಾರಿಗೂ ಹೇಳಲ್ಲ, ಆದ್ರೆ ಆ ಸಾಲು ನಂಬ್ಕೊಂಡು ಹೋದ್ರೆ ಮೊದಲ್ನೇ ತಿಂಗಳಲ್ಲೇ ಮನಸ್ಸು ಮುರಿಯುತ್ತೆ. ನಂದು ಮುರೀತು, ಅದಕ್ಕೇ ಈ ಪತ್ರ.

ದುಡ್ಡಿನ ಮಾತು ಮೊದ್ಲೇ ಮುಗಿಸಿಬಿಡ್ತೀನಿ. ನಾನು ಹೋಗಿದ್ದು ಯುಎನ್‌ವಿ ಮೂಲಕ, ಅಂದ್ರೆ 1970ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಹುಟ್ಟುಹಾಕಿದ ಸ್ವಯಂಸೇವಕರ ಕಾರ್ಯಕ್ರಮ, ಅದರ ಮುಖ್ಯ ಕಚೇರಿ ಈಗ ಜರ್ಮನಿಯ ಬಾನ್‌ನಲ್ಲಿದೆ. ಸಂಬಳ ಅನ್ನಲ್ಲ, ಜೀವನ ಭತ್ಯೆ ಅಂತಾರೆ, ವಿಮೆ ಇರುತ್ತೆ, ಹೋಗಿ ಬರೋ ಟಿಕೆಟ್ ಇರುತ್ತೆ. ಹಾಗಾಗಿ ಪುಕ್ಕಟೆ ಸೇವೆ ಅನ್ನೋದು ಸರಿಯಲ್ಲ, ಅಲ್ಲಿನ ಸ್ಥಳೀಯ ನರ್ಸ್‌ಗಳ ಕಣ್ಣಲ್ಲಿ ನೋಡಿದ್ರೆ ನಾವು ಚೆನ್ನಾಗಿಯೇ ಇದ್ದೋರು. ಇನ್ನೊಂದು, ಸೇನೆ ಡಾಕ್ಟರ್‌ಗಳೇ ಬೇರೆ ನಾವೇ ಬೇರೆ. ದಕ್ಷಿಣ ಸುಡಾನ್‌ನ ಮಲಕಾಲ್‌ನಲ್ಲಿ, ಕಾಂಗೋದ ಗೋಮಾದಲ್ಲಿ ಭಾರತೀಯ ಸೇನೆ ಆಸ್ಪತ್ರೆ ನಡೆಸಿದೆ, ಅದಕ್ಕೂ ಹಿಂದೆ 1950ರಲ್ಲಿ ಕೊರಿಯಾಕ್ಕೆ ಭಾರತ ಕಾದಾಡೋ ಪಡೆ ಕಳಿಸ್ದೆ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ಜೊತೆ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅನ್ನೋ ವೈದ್ಯಕೀಯ ತುಕಡಿನ ಕಳಿಸಿತ್ತು. ಅದೊಂದು ದೊಡ್ಡ ಪರಂಪರೆ, ಅದರ ಗೌರವ ಅವ್ರಿಗೇ ಸಲ್ಬೇಕು. ನಾವು ಸಮವಸ್ತ್ರ ಇಲ್ದೋರು, ಒಂದೊಂದು ವರ್ಷದ ಕರಾರಿನ ಮೇಲೆ ಹೋಗೋರು.

ಈಗ ಕೆಲಸದ ವಿಷ್ಯ. ಶಾಂತಿಪಡೆಯಲ್ಲಿ ಆಸ್ಪತ್ರೆಗಳಿಗೆ ಲೆವೆಲ್ ಅಂತ ಇರುತ್ತೆ. ಸ್ವಯಂಸೇವಕ ಡಾಕ್ಟರ್‌ಗಳು ಹೆಚ್ಚಾಗಿ ಕೂರೋದು ಲೆವೆಲ್ ಒನ್‌ನಲ್ಲಿ, ಅಂದ್ರೆ ದಿನಕ್ಕೆ 20 ಹೊರರೋಗಿಗಳನ್ನ ನೋಡೋ, 5 ಜನರನ್ನ ಎರಡು ದಿನ ಮಲಗಿಸ್ಕೊಳ್ಳೋ, 60 ದಿನಕ್ಕೆ ಆಗುವಷ್ಟು ಔಷಧಿ ಇಟ್ಕೊಳ್ಳೋ ಕ್ಲಿನಿಕ್. ಆಪರೇಷನ್ ಥಿಯೇಟರ್ ಇರಲ್ಲ, ಬ್ಲಡ್ ಬ್ಯಾಂಕ್ ಇರಲ್ಲ. ಆಪರೇಷನ್ ಶುರು ಆಗೋದೇ ಲೆವೆಲ್ ಟೂನಲ್ಲಿ. ನಮ್ದು ಕಂಟೇನರ್‌ಗಳನ್ನ ಒಂದಕ್ಕೊಂದು ಸೇರಿಸಿ ಮಾಡಿದ ಕ್ಲಿನಿಕ್, ಎರಡು ಹಾಸಿಗೆ ಕಿಟಕಿ ಪಕ್ಕ ಮೂರು ಒಳಗೆ. ಬರೋರು ಯಾರು ಅಂದ್ರೆ ಟ್ರಕ್ ಓಡಿಸಿ ಸೊಂಟ ಹಿಡ್ಕೊಂಡೋರು, ಬಿಪಿ ಮಾತ್ರೆ ಮುಗಿದ ಐವತ್ತು ದಾಟಿದ ಪೊಲೀಸ್ ಅಧಿಕಾರಿಗಳು, ಹೆಂಡ್ತಿ ಮಕ್ಕಳನ್ನ ನೋಡ್ದೆ ಆರು ತಿಂಗಳಾಗಿ ನಿದ್ದೆನೇ ಬರ್ತಿಲ್ಲ ಅಂತ ಬಾಗಿಲಲ್ಲಿ ನಿಂತು ಮಾತಾಡೋಕೂ ಹಿಂಜರಿಯೋ ಸಿಪಾಯಿಗಳು, ಮತ್ತೆ ಮಲೇರಿಯಾ, ಮಲೇರಿಯಾ, ಮಲೇರಿಯಾ.

ಮಲೇರಿಯಾ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಅಲ್ಲಿರೋದು ಬಹುಪಾಲು ಫಾಲ್ಸಿಪಾರಮ್ ಅನ್ನೋ ಅಪಾಯಕಾರಿ ಜಾತಿಯ ಮಲೇರಿಯಾ, ಬೆಳಿಗ್ಗೆ ಸ್ವಲ್ಪ ಮೈ ಬಿಸಿ ಅಂದೋನು ಸಾಯಂಕಾಲಕ್ಕೆ ಪ್ರಜ್ಞೆ ತಪ್ಪಬಹುದು. ದಿನಾ ಡಾಕ್ಸಿಸೈಕ್ಲಿನ್ ಇಲ್ಲಾ ವಾರಕ್ಕೊಂದು ಮೆಫ್ಲೋಕ್ವಿನ್ ನುಂಗಿದ್ರೆ ಎಷ್ಟೋ ತಪ್ಪುತ್ತೆ, ಆದ್ರೆ ಮೂರು ತಿಂಗಳು ಏನೂ ಆಗ್ದೇ ಇದ್ರೆ ಎಂಥ ಗಟ್ಟಿ ಮನುಷ್ಯನೂ ಮಾತ್ರೆ ಬಿಟ್ಬಿಡ್ತಾನೆ. ನನ್ನ ಅರ್ಧ ಕೆಲಸ ಮೆಸ್ಸಲ್ಲಿ ಊಟದ ತಟ್ಟೆ ಪಕ್ಕ ನಿಂತು ಇವತ್ತಿನ ಮಾತ್ರೆ ಆಯ್ತಾ ಅಂತ ಕೇಳೋದೇ ಆಗಿತ್ತು. ಯಾರೂ ಫೋಟೋ ತೆಗೆಯೋ ಕೆಲಸ ಅಲ್ಲ ಅದು, ಆದ್ರೆ ಪ್ರಾಣ ಉಳಿಸಿದ ಲೆಕ್ಕ ಹಾಕಿದ್ರೆ ನಾನು ಮಾಡಿದ ದೊಡ್ಡ ಕೆಲಸ ಅದೇ ಇರ್ಬೇಕು.

ಹಾಗೇ ಸೆಪ್ಟಿಕ್ ಟ್ಯಾಂಕ್. ಡಾಕ್ಟರ್‌ಗೂ ಸೆಪ್ಟಿಕ್ ಟ್ಯಾಂಕ್‌ಗೂ ಏನು ಸಂಬಂಧ ಅಂತ ಜೂನಿಯರ್ ಒಬ್ರು ಕೇಳಿದ್ರು. ಹೈಟಿ ನೆನಪು ಮಾಡ್ಕೊಳ್ಳಿ ಅಂದೆ. 2010ರ ಅಕ್ಟೋಬರ್‌ನಲ್ಲಿ ಅಲ್ಲಿ ಕಾಲರಾ ಶುರುವಾಯ್ತು, ಶಾಂತಿಪಡೆಯ ಒಂದು ಕ್ಯಾಂಪ್‌ನ ಹೊಲಸು ಆರ್ಟಿಬೊನೈಟ್ ನದಿಗೆ ಸೇರೋ ಹಳ್ಳಕ್ಕೆ ಹೋಗಿತ್ತು, ಸುಮಾರು ಹತ್ತು ಸಾವಿರ ಜನ ಸತ್ರು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಆ ಜನರ ಹತ್ರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ, ಆರು ವರ್ಷ ಆದ್ಮೇಲೆ. ಕಾಪಾಡೋಕೆ ಅಂತ ಹೋದೋರ ಕ್ಯಾಂಪಿಂದಲೇ ರೋಗ ಹೋಗಿದ್ದು. ಅದನ್ನ ಓದಿದ್ಮೇಲೆ ವಾರಕ್ಕೊಂದ್ ಸಲ ಅಡುಗೆಮನೆ, ನೀರಿನ ಟ್ಯಾಂಕು, ಪಾಯಿಖಾನೆ ಹಿಂದಿನ ಪೈಪು ಎಲ್ಲಾ ಸುತ್ತು ಹಾಕೋದನ್ನ ನಾನು ಒಂದ್ ವಾರಾನೂ ಬಿಡ್ಲಿಲ್ಲ, ಕ್ಯಾಂಪ್‌ನವ್ರಿಗೆ ಬೇಜಾರಾದ್ರೂ ಸರಿ.

ಇನ್ನು ನಾನು ಈ ಪತ್ರ ಬರೆಯೋಕೆ ಕೂತ ವಿಷ್ಯ. ನಿಯಮ ಏನಂದ್ರೆ ಮಿಷನ್ ಕ್ಲಿನಿಕ್ ಇರೋದು ಮಿಷನ್‌ನೋರಿಗೆ, ಅಂದ್ರೆ ಆ ದೇಶದಲ್ಲಿ ಶಾಂತಿಪಡೆ ಕೆಲಸಕ್ಕೆ ಇರೋರಿಗೆ. ಹೊರಗಿನ ಜನಕ್ಕೆ ಪ್ರಾಣಾಪಾಯ ಇದ್ದು, ನಮ್ಮ ಕೈಲಿ ಆಗೋ ಹಾಗಿದ್ರೆ ಮಾತ್ರ ನೋಡ್ಬಹುದು. ಇದು ಕಲ್ಲು ಹೃದಯದ ನಿಯಮ ಅಂತ ಮೊದಲು ಅನ್ಸುತ್ತೆ. 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನ್‌ನ ರಾಜಧಾನಿ ಜೂಬಾದಲ್ಲಿ ಕಾಳಗ ಶುರುವಾದಾಗ ಜನ ಪ್ರಾಣ ಉಳಿಸ್ಕೊಳ್ಳೋಕೆ ಶಾಂತಿಪಡೆ ಕ್ಯಾಂಪ್‌ಗಳಿಗೇ ಓಡಿ ಬಂದ್ರು, ಗೇಟು ತೆಗೆದ್ರು, ನಾಲ್ಕು ದಿನಕ್ಕೆ ಅಂತ ಬಂದೋರು ವರ್ಷಗಟ್ಟಲೆ ಅಲ್ಲೇ ಉಳಿದ್ರು, ಬೆಂಟಿಯು ಅನ್ನೋ ಊರಿನ ಕ್ಯಾಂಪ್ ಒಂದ್ರಲ್ಲೇ 1 ಲಕ್ಷಕ್ಕೂ ಜಾಸ್ತಿ ಜನ. ಅಷ್ಟು ಜನಕ್ಕೆ 5 ಹಾಸಿಗೆಯ ಕ್ಲಿನಿಕ್ ತೆರೆದಿಟ್ರೆ ಎರಡು ದಿನದಲ್ಲಿ ಔಷಧಿ ಖಾಲಿ, ಮೂರನೇ ದಿನ ಗಸ್ತಿಗೆ ಹೋದ ಗಾಡಿಗೆ ಗುಂಡು ಬಿದ್ರೆ ಕೈ ಬರಿದು. ಜನಕ್ಕೆ ಅಂತ ಬೇರೆ ಸಂಸ್ಥೆಗಳ ಆಸ್ಪತ್ರೆಗಳು ಇರ್ತವೆ, ನಮ್ಮ ಕ್ಯಾಂಪ್ ಪಕ್ಕದಲ್ಲೂ ಒಂದಿತ್ತು, ಎರಡು ಕಿಲೋಮೀಟರ್ ದೂರ. ಇದೆಲ್ಲ ತಲೆಗೆ ಅರ್ಥ ಆಗುತ್ತೆ. ಗೇಟ್ ಹತ್ರ ನಿಂತಾಗ ಮನಸ್ಸಿಗೆ ಅರ್ಥ ಆಗಲ್ಲ.

ನಾನು ಹೋಗಿ ಮೂರನೇ ವಾರ ಇರ್ಬೇಕು, ಒಬ್ಬ ಅಪ್ಪ ನಾಲ್ಕು ವರ್ಷದ ಮಗನ್ನ ಎತ್ಕೊಂಡು ಗೇಟಿಗೆ ಬಂದ. ಮಾಲೆ ಅಂದ. ಅಲ್ಲಿನ ನುಯೆರ್ ಜನರ ಭಾಷೆಲಿ ಅದು ನಮಸ್ಕಾರ, ಅದರ ಬೇರಲ್ಲಿರೋ ಅರ್ಥ ಶಾಂತಿ, ನಮ್ಮ ಕಿವಿಗೆ ಹಾರದ ಹಾಗೆ ಕೇಳುತ್ತೆ ಅಂತ ನಂಗೆ ಆ ಪದ ತುಂಬಾ ಇಷ್ಟ. ಮಗುಗೆ ಜ್ವರ ಇತ್ತು. ಆದ್ರೆ ಕೂತಿತ್ತು, ಕೊಟ್ಟ ನೀರು ಕುಡೀತು, ಫಿಟ್ಸ್ ಬಂದಿರ್ಲಿಲ್ಲ, ವಾಂತಿ ಇಲ್ಲ, ಉಸಿರು ಸರಿ ಇತ್ತು, ಅಪಾಯದ ಲಕ್ಷಣ ಒಂದೂ ಇಲ್ಲ. ಹಗಲು ಹೊತ್ತು, ಆ ಆಸ್ಪತ್ರೆ ತೆರೆದಿತ್ತು, ನಿಯಮದ ಪ್ರಕಾರ ಅಲ್ಲಿಗೆ ಹೋಗಿ ಅಂದೆ. ಅವ್ನು ಏನೂ ವಾದ ಮಾಡ್ಲಿಲ್ಲ, ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗಿ ನಡೆದ. ಅಲ್ಲಿಯ ಮಣ್ಣು ಅಪ್ಪಟ ಎರೆ ಮಣ್ಣು, ಮಳೆಗಾಲದಲ್ಲಿ ಗಾಡಿ ಬಿಡಿ ಕಾಲೇ ಕೀಳೋಕೆ ಆಗಲ್ಲ, ಒಂದೊಂದು ಹೆಜ್ಜೆಗೂ ಎರಡೆರಡು ಕೆಜಿ ಕೆಸರು ಹತ್ಕೊಳ್ಳುತ್ತೆ. ಆ ಕೆಸರಲ್ಲಿ ಅವ್ನ ಬೆನ್ನು ಮರೆಯಾಗೋವರೆಗೂ ನೋಡ್ತಾ ನಿಂತಿದ್ದೆ. ಆ ಮಗು ಆಸ್ಪತ್ರೆ ಮುಟ್ಟಿತಾ ಇಲ್ವಾ ನಂಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಆ ಆಸ್ಪತ್ರೆಯ ಡಾಕ್ಟರ್ ಜೊತೆ ಕೂತು ಮಾತಾಡಿದೆ, ಅವತ್ತಿಂದ ಗೇಟಿಗೆ ಬಂದ ಯಾರನ್ನೂ ಬರಿಗೈಲಿ ಕಳಿಸ್ಲಿಲ್ಲ, ನಾನೋ ನಮ್ಮ ನರ್ಸೋ ಹೋಗಿ ನೋಡೋದು, ಜ್ವರ ಉಸಿರು ಬರೆದು ಒಂದು ಚೀಟಿ ಕೊಡೋದು, ಆ ಕಡೆಗೆ ರೇಡಿಯೋದಲ್ಲಿ ಇಂಥೋರು ಬರ್ತಿದ್ದಾರೆ ಅಂತ ಹೇಳೋದು, ಸಾಯಂಕಾಲ ಬಂದ್ರಾ ಅಂತ ಕೇಳೋದು. ನಿಯಮ ಮುರಿಯೋದೇನೂ ಬೇಕಾಗಿರ್ಲಿಲ್ಲ, ಮೊದಲ ದಿನವೇ ಇಷ್ಟು ಮಾಡ್ಬಹುದಿತ್ತು. ಹೋಗೋಕೆ ಮುಂಚೆ ಯಾರಾದ್ರೂ ನಂಗೆ ಹೇಳಿದ್ರೆ ಮಾಡ್ತಿದ್ದೆ.

ಪ್ರಾಣಾಪಾಯ ಅಂದ್ರೆ ಏನು ಅಂತ ತೋರಿಸಿದ್ದು ಇನ್ನೊಂದು ರಾತ್ರಿ. ಎರಡು ಗಂಟೆ ಇರ್ಬೇಕು, ಗಾರ್ಡ್ ರೇಡಿಯೋದಲ್ಲಿ ಕರೆದ, ಹೆಂಗಸು, ರಕ್ತ ಅಂತ ಎರಡೇ ಮಾತು. ಡೇರೆಯಲ್ಲಿ ಹೆರಿಗೆ ಆಗಿದೆ, ಮಾಸು ಬಿದ್ದಿದೆ, ರಕ್ತ ನಿಲ್ತಿಲ್ಲ, ದೂರದಲ್ಲಿ ಗುಂಡಿನ ಸದ್ದು ಇದ್ದಿದ್ರಿಂದ ಆ ಆಸ್ಪತ್ರೆ ದಾರಿ ಮುಚ್ಚಿದ್ರು. ಶಾಂತಿಪಡೆಯಲ್ಲಿ 10-1-2 ಅಂತ ಒಂದು ಸೂತ್ರ ಇದೆ, ಗಾಯ ಆದ ಹತ್ತು ನಿಮಿಷಕ್ಕೆ ಪ್ರಥಮ ಚಿಕಿತ್ಸೆ, ಒಂದು ಗಂಟೆಗೆ ದೊಡ್ಡ ಆರೈಕೆ, ಎರಡು ಗಂಟೆಗೆ ಆಪರೇಷನ್. ಆ ರಾತ್ರಿ ಹೆಲಿಕಾಪ್ಟರ್ ಏಳೋ ಹಾಗಿರ್ಲಿಲ್ಲ, ಹಾಗಾಗಿ ಹತ್ತೂ ನಾವೇ ಒಂದೂ ನಾವೇ ಎರಡೂ ನಾವೇ. ಫ್ರಿಜ್‌ನಲ್ಲಿ ಗರ್ಭಕೋಶ ಬಿಗಿಯಾಗಿಸಿ ರಕ್ತ ನಿಲ್ಲಿಸೋ ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು, ಎರಡೂ ಕೈಗೆ ಡ್ರಿಪ್ ಹಾಕಿದ್ವಿ, ಆದ್ರೆ ಆ ಹೆಂಗಸನ್ನ ಉಳಿಸಿದ್ದು ನಾನಲ್ಲ, ನಮ್ಮ ಕ್ಲಿನಿಕ್‌ನ ಸ್ಥಳೀಯ ನರ್ಸ್. ನಾನು ಗಾಬರಿಲಿ ಇಂಜೆಕ್ಷನ್ ಹುಡುಕ್ತಿದ್ದಾಗ ಆಕೆ ಮಾತಿಲ್ದೆ ಗ್ಲೌಸ್ ಹಾಕ್ಕೊಂಡು ಒಂದು ಮುಷ್ಟಿ ಒಳಗಿಟ್ಟು ಇನ್ನೊಂದು ಕೈಲಿ ಹೊಟ್ಟೆ ಮೇಲಿಂದ ಗರ್ಭಕೋಶ ಒತ್ತಿ ಹಿಡಿದ್ರು, ಎಷ್ಟೊತ್ತು ಅಂದ್ರೆ ಕೈ ನಡುಗೋಕೆ ಶುರು ಆಗೋವರೆಗೂ, ಆಮೇಲೆ ನಾನು ಹಿಡಿದೆ, ಮತ್ತೆ ಆಕೆ. ಪುಸ್ತಕದಲ್ಲಿ ಇದೆಲ್ಲ ನಾನೂ ಓದಿದ್ದೆ. ಆಕೆ ಓದಿದ್ದಕ್ಕಿಂತ ಮಾಡಿದ್ದು ಜಾಸ್ತಿ. ಬೆಳಕು ಹರಿದ್ಮೇಲೆ ದಾರಿ ತೆಗೆದ್ರು, ಆ ಆಸ್ಪತ್ರೆಗೆ ಸೇರಿಸಿದ್ವಿ, ಮೂರು ವಾರ ಬಿಟ್ಟು ಆ ತಾಯಿ ಮಗುನ ಎತ್ಕೊಂಡು ಗೇಟ್ ತನಕ ನಡ್ಕೊಂಡು ಬಂದಿದ್ರು, ನರ್ಸನ್ನ ನೋಡೋಕೆ.

ಸಂಪಾದಕರೇ, ನಿಮ್ಮ ಪುಟದಲ್ಲಿ ಈ ನರ್ಸ್‌ನಂಥೋರು ಒಬ್ರೂ ಇರ್ಲಿಲ್ಲ, ಅದು ನಂಗೆ ಎಲ್ಲಕ್ಕಿಂತ ನೋವಾದ ವಿಷ್ಯ. ಹೊರದೇಶದಿಂದ ಹೋದ ನಮ್ಮ ಹಾಸಿಗೆ ಪಕ್ಕ ಸದಾ ಒಂದು ಬ್ಯಾಗ್ ರೆಡಿ ಇರ್ತಿತ್ತು, ಪಾಸ್‌ಪೋರ್ಟ್ ಟಾರ್ಚ್ ನೀರು ಎಲ್ಲಾ ಹಾಕಿ, ಪರಿಸ್ಥಿತಿ ಕೆಟ್ರೆ ಐದು ನಿಮಿಷದಲ್ಲಿ ಹೊರಡೋಕೆ. ಆರು ವಾರಕ್ಕೊಮ್ಮೆ ವಿಶ್ರಾಂತಿ ರಜೆ ಬೇರೆ. ಸ್ಥಳೀಯ ಸಿಬ್ಬಂದಿ ಹೋಗೋದಾದ್ರೂ ಎಲ್ಲಿಗೆ, ಅದು ಅವ್ರ ದೇಶ, ದೇಶ ಬಿಟ್ಟು ಕರ್ಕೊಂಡು ಹೋಗೋ ವಿಮಾನದ ಪಟ್ಟಿಲಿ ಸಾಮಾನ್ಯವಾಗಿ ಅವ್ರ ಹೆಸರು ಇರಲ್ಲ. ಒಂದ್ಸಲ ಪಟ್ಟಿ ತಯಾರಾಗ್ತಿದ್ದಾಗ ಆಕೆ ನನ್ನ ಬ್ಯಾಗ್ ನೋಡಿ, ಡಾಕ್ಟರ್, ಫ್ರಿಜ್ ಕೀ ಮಾತ್ರ ನನ್ನ ಹತ್ರ ಬಿಟ್ಟು ಹೋಗಿ ಅಂದ್ರು. ಅವತ್ತು ಹೊರಡೋ ಪ್ರಸಂಗ ಬರ್ಲಿಲ್ಲ. ಕೀ ಮಾತ್ರ ಅವತ್ತಿಂದ ಆಕೆ ಹತ್ರಾನೇ ಇತ್ತು.

ಹಾಗಾಗಿ ಆ ಸಾಲನ್ನ ತಿದ್ದಿ ಒಂದು ಚಿಕ್ಕ ಟಿಪ್ಪಣಿ ಹಾಕಿ ಅಂತ ಕೇಳ್ಕೊಳ್ತೀನಿ, ಮುಂದಿನ ಮೇ 29ಕ್ಕೆ ಸಾಧ್ಯ ಆದ್ರೆ ಸ್ಥಳೀಯ ಸಿಬ್ಬಂದಿ ಬಗ್ಗೆ ಬರೀರಿ. ಫೋನ್ ಮಾಡಿದ ಮೂರು ಜನಕ್ಕೂ ಇದನ್ನೆಲ್ಲ ಹೇಳಿದೆ, ಜೊತೆಗೆ ಹಳದಿ ಜ್ವರದ ಲಸಿಕೆ ಹಾಕಿಸ್ಕೊಳ್ಳಿ, ಗೇರ್ ಇರೋ ದೊಡ್ಡ ಗಾಡಿ ಓಡಿಸೋಕೆ ಕಲೀರಿ, ಕಾಂಗೋ ಕಡೆ ಹೋಗೋದಾದ್ರೆ ಫ್ರೆಂಚ್ ಬೇಕಾಗುತ್ತೆ, ವಾಪಸ್ ಬಂದ್ಮೇಲೂ ಡಾಕ್ಸಿಸೈಕ್ಲಿನ್ ನಾಲ್ಕು ವಾರ ನುಂಗ್ಲೇಬೇಕು, ಜ್ವರ ಬಂದ್ರೆ ಎಲ್ಲಿಂದ ಬಂದ್ವಿ ಅಂತ ಡಾಕ್ಟರ್‌ಗೆ ಮೊದ್ಲು ಹೇಳ್ಬೇಕು ಅಂತ. ಒಬ್ರು ಸದ್ಯಕ್ಕೆ ಬೇಡ ಅಂದ್ರು, ಅದೂ ಸರಿನೇ. ಒಬ್ರು ಯೋಚ್ನೆ ಮಾಡ್ತಿದ್ದಾರೆ. ಇನ್ನೊಬ್ಳು ಅರ್ಜಿ ಹಾಕಿದ್ದಾಳೆ, ಹಾಕಿದ ಮಾರನೇ ದಿನವೇ ಹೋಗಿ ಹೆರಿಗೆ ವಾರ್ಡ್‌ನಲ್ಲಿ ಎರಡು ತಿಂಗಳು ರಾತ್ರಿ ಡ್ಯೂಟಿ ಕೇಳಿ ಹಾಕಿಸ್ಕೊಂಡಿದ್ದಾಳೆ.

ಇಂತಿ,
ನಿಮ್ಮ ಪತ್ರಿಕೆ ಓದೋ ಒಬ್ಬ ಡಾಕ್ಟರ್