ಪೈಪಿನ ಗಾಳಿ ಬಿಡಿಸಿಕೊಟ್ಟ ಅಣ್ಣನಿಗೆ

ತೀರ್ಥಹಳ್ಳಿ ಕಡೆಯ ನಮ್ಮೂರಿನ ಅಬ್ಬಿನೀರು (ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ನೀರು) ನಿಂತುಹೋದಾಗ, ಹೆಸರೂ ಹೇಳದೆ ಸರಿಮಾಡಿ ಹೋದ ಅಣ್ಣನಿಗೆ ಮನಸಾರೆ ಧನ್ಯವಾದ.

ಮೋಟಾರಿಲ್ಲದೆ ನೀರು ಬರುವುದು ಭೂಮಿ ಅದನ್ನು ಕೆಳಕ್ಕೆಳೆಯುವುದರಿಂದ. ಅಬ್ಬಿ 10 ಮೀಟರ್ ಮೇಲಿದ್ದರೆ, ನಲ್ಲಿ ಮುಚ್ಚಿದಾಗ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ಇದಕ್ಕೆ ಎತ್ತರವೊಂದೇ ಲೆಕ್ಕ, ಪೈಪಿನ ದಪ್ಪವಲ್ಲ. ದಪ್ಪ ಬೇಕಾಗುವುದು ಹರಿವಿಗೆ. ಸಪೂರ ಪೈಪಿನಲ್ಲಿ ಘರ್ಷಣೆ ಜಾಸ್ತಿ.

ಪೈಪು ದಿಬ್ಬ ಹತ್ತಿ ಇಳಿಯುವಲ್ಲಿ, ನೀರಿಗಿಂತ ಹಗುರವಾದ ಗಾಳಿ ನೆತ್ತಿಯಲ್ಲೇ ಕೂತು ದಾರಿ ಕಟ್ಟುತ್ತದೆ. ಅವರು ಅಲ್ಲೇ ‘ಟೀ’ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಸಣ್ಣ ವಾಲ್ವ್ ಕೂರಿಸಿದರು. ತಿರುಗಿಸಿದರೆ ಮೊದಲು ಬುಸ್ಸೆಂದು ಗಾಳಿ, ಆಮೇಲೆ ಬಿಟ್ಟುಬಿಟ್ಟು ನೀರು, ಕೊನೆಗೆ ಒಂದೇ ಧಾರೆ. ಆಗಲೇ ಮುಚ್ಚಬೇಕು. ದಿಬ್ಬ ಅಬ್ಬಿಗಿಂತ ಸಾಕಷ್ಟು ಕೆಳಗಿರಲೇಬೇಕು. ಇಲ್ಲದಿದ್ದರೆ ವಾಲ್ವ್ ತೆರೆದಾಗ ಗಾಳಿ ಒಳಕ್ಕೇ ನುಗ್ಗುತ್ತದೆ.

ತರಗೆಲೆ ಒಳಹೋಗದಂತೆ ಅಬ್ಬಿಯ ಬಾಯಿಗೆ ಜಾಲರಿ ಕಟ್ಟಿದ್ದೂ ಅವರೇ.