ಹೊಳೆಯಾಚೆಯ ಗೆಳೆಯನಿಗೆ

ಸಾಗರ
ಆಗಸ್ಟ್ 2021

ಪ್ರಿಯ ಗೆಳೆಯಾ,

ಈ ತಿಂಗಳ 9ರಂದು ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನೀನು ಬರೆದ ಮಾತು ನನ್ನನ್ನು ಬಿಟ್ಟಿಲ್ಲ. ಊರಿನವರೆಲ್ಲ ‘ಕೊರೊನಾ ಪಾಸು’ ಎಂದು ನಗುತ್ತಾರೆ, ಅಂಕಗಳನ್ನು ಯಾರಿಗೂ ಹೇಳಲು ಮನಸ್ಸಿಲ್ಲ, ಮೂರು ವರ್ಷ ಹೈಸ್ಕೂಲಿನಲ್ಲಿ ನಾವು ಮಾಡಿದ್ದಾದರೂ ಏನು ಎಂದು ಕೇಳಿದ್ದೆ. ನಿನ್ನೆ ಟಿ.ಸಿ. ತರಲು ಶಾಲೆಗೆ ಹೋದಾಗ, ಗುಮಾಸ್ತರು ಬರುವವರೆಗೆ ನಮ್ಮ ಹಳೆಯ ಬೆಂಚಿನಲ್ಲಿ ಕುಳಿತು ಅದನ್ನೇ ಯೋಚಿಸಿದೆ.

ಅಂಕಗಳ ಪರವಾಗಿ ನಾನು ವಾದಿಸುವುದಿಲ್ಲ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಜುಲೈ 19ರ ಒಂದೇ ದಿನಕ್ಕೆ ಸೇರಿಸಿ, 120 ಪ್ರಶ್ನೆಗಳಿಗೆ ಮೂರು ಗಂಟೆಯಲ್ಲಿ ಒಎಂಆರ್ ಹಾಳೆಯ ಸೊನ್ನೆಗಳನ್ನು ತುಂಬಿಸಿದ್ದನ್ನು ನಮ್ಮ ಅಕ್ಕಂದಿರು ಬರೆದ ಪರೀಕ್ಷೆಗೆ ಹೋಲಿಸಲಾಗದು. ರಾಜ್ಯದಲ್ಲಿ 157 ಮಂದಿಗೆ 625ಕ್ಕೆ 625 ಬಂತು. ಬರೆದವರೆಲ್ಲ ಹೆಚ್ಚುಕಡಿಮೆ ಪಾಸಾದರು. ಪೈಥಾಗೊರಸನ ಪ್ರಮೇಯವನ್ನು ಚಿತ್ರಸಹಿತ ಬಾಯಿಪಾಠ ಮಾಡಿಕೊಂಡಿದ್ದ ನನ್ನನ್ನು ಅದನ್ನು ಸಾಧಿಸು ಎಂದು ಯಾರೂ ಕೇಳಲಿಲ್ಲ ಎಂಬುದು, ನಗಬೇಡ, ನನಗೆ ಇಂದಿಗೂ ಒಂದು ಕೊರಗು.

ಆದರೆ ನಗುವವರಿಗೆ ನಮ್ಮ ಎಂಟನೆಯ ತರಗತಿ ನೆನಪಿದ್ದಂತಿಲ್ಲ. 2018ರ ಡಿಸೆಂಬರಿನಲ್ಲಿ ಅರಳಗೋಡಿನ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡು ಸಾವಿನ ಸುದ್ದಿಗಳು ಬರತೊಡಗಿದಾಗ, ಸತ್ತ ಮಂಗ ಕಂಡರೆ ಹತ್ತಿರ ಸುಳಿಯಬಾರದು, ದರಕು (ಒಣ ಎಲೆ) ತರಲು ಕಾಡಿಗೆ ಹೋಗುವುದಾದರೆ ಉಣುಗು ಕಚ್ಚದಂತೆ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಬೇಕು ಎಂಬುದೇ ನಮ್ಮ ಪ್ರಾರ್ಥನೆಯ ವೇಳೆಯ ನಿತ್ಯದ ಪಾಠವಾಗಿತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಮೊದಲನೆಯದರ ಉರಿಯನ್ನು ಕಂಡಿದ್ದ ನೀನು ಎರಡನೆಯದಕ್ಕೆ ಹಾಸ್ಟೆಲಿನ ಕಟ್ಟಿಗೆ ಕೋಣೆಯಲ್ಲಿ ಅಡಗಿ ಕುಳಿತಿದ್ದೆ. 1957ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಜಗತ್ತಿಗೆಲ್ಲ ಈ ಕಾಯಿಲೆ ಅದೇ ಹೆಸರಿನಿಂದ ಗೊತ್ತು ಎಂದು ವಿಜ್ಞಾನದ ಮೇಷ್ಟ್ರು ಹೇಳಿದಾಗ ನೀನು ಚಪ್ಪಾಳೆ ತಟ್ಟಿಬಿಟ್ಟೆ. ಹೆಮ್ಮೆಪಡಲು ನಿನಗೆ ಬೇರೇನೂ ಸಿಗಲಿಲ್ಲವೇನೋ ಎಂದು ಅವರು ಗದರಿದ್ದರು.

ಒಂಬತ್ತರ ಬಗ್ಗೆ ಬರೆಯಲು ಹೆಚ್ಚಿಲ್ಲ. ಮಳೆಯ ರಜೆ, ಅಡಿಕೆ ಕೊಯ್ಲಿನ ದಿನಗಳ ಗೈರುಹಾಜರಿ, ಆಮೇಲೆ 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದ ಶಾಲೆ. ನಾಲ್ಕು ದಿನದಲ್ಲಿ ಬರುತ್ತೇನೆಂದು ಟ್ರಂಕನ್ನು ಹಾಸ್ಟೆಲಿನಲ್ಲಿಯೇ ಬಿಟ್ಟು ನೀನು ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚ್ ಹತ್ತಿದೆ. ಪರೀಕ್ಷೆಯಿಲ್ಲದೆ ನಾವು ಹತ್ತಕ್ಕೆ ದಾಟಿದೆವು.

ಆ ಹತ್ತನೆಯ ತರಗತಿಯ ಮಾತನ್ನೇ ನಾನು ಮುಖ್ಯವಾಗಿ ಹೇಳಬೇಕಿದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಗದ್ದೆ ಮುಳುಗಿಸಿಕೊಂಡು ನಾಡಿಗೆ ಕರೆಂಟು ಕೊಟ್ಟವರ ಮೊಮ್ಮಗ ನೀನು. ನಿನ್ನ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬಾರದು, ನೆಟ್‌ವರ್ಕ್ ಬೇಕಾದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಚಂದನ ಟಿ.ವಿ.ಯ ಪಾಠಗಳನ್ನು ನಾನು ನೋಡಿ ಬರೆದುಕೊಂಡ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರ್ ಅಣ್ಣನ ಕೈಗೆ ಕೊಟ್ಟು ಕಳಿಸುತ್ತಿದ್ದೆ. ಅದು ಹೊಳೆ ದಾಟಿ, ವಾರವೋ ಹತ್ತು ದಿನವೋ ನಿನ್ನಲ್ಲಿದ್ದು ಹಿಂದಿರುಗಿದಾಗ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಇದು ಹೇಗೆ ಬಂತು?’ ಎಂದು ಬರೆದಿರುತ್ತಿತ್ತು. ಎಷ್ಟೋ ಕಡೆ ಅದು ಹೇಗೆ ಬಂತೆಂದು ನನಗೇ ತಿಳಿದಿರಲಿಲ್ಲ, ಬರೆದುಕೊಂಡಿದ್ದೆ ಅಷ್ಟೆ. ನಿನಗೆ ಉತ್ತರ ಕೊಡಬೇಕೆಂಬ ಹಟಕ್ಕೆ ಪಠ್ಯಪುಸ್ತಕವನ್ನು ಮೊದಲಿನಿಂದ ಓದಿದೆ. ತ್ರಿಕೋನಮಿತಿ ನನಗೆ ಒಲಿದದ್ದು ಹಾಗೆ. ಜನವರಿಯಲ್ಲಿ ಶಾಲೆ ತೆರೆದು ನೀನು ಮರಳಿ ಬಂದಾಗ, ಮೇಷ್ಟ್ರು ಕೇಳಿದ ಲೆಕ್ಕಕ್ಕೆ ಇಬ್ಬರೂ ಒಟ್ಟಿಗೆ ಎದ್ದು ನಿಂತಿದ್ದು ನಿನಗೆ ಮರೆತಿರಲಾರದು. ಈಗ ಹೇಳು, ಇದನ್ನು ಯಾವ ಕೊರೊನಾ ಪುಕ್ಕಟೆಯಾಗಿ ಕೊಟ್ಟಿತು?

ನನಗಿರುವ ಸಂಕಟವೇ ಬೇರೆ. ಎರಡನೆಯ ಅಲೆಗೆ ಹಾಸ್ಟೆಲ್ ಮತ್ತೆ ಮುಚ್ಚಿತು, ನೀನು ನಿನ್ನೂರಿನ ಹತ್ತಿರದ ಕೇಂದ್ರದಲ್ಲಿಯೇ ಪರೀಕ್ಷೆ ಬರೆದೆ. ನಮ್ಮ ಕೋಣೆಯಲ್ಲಿ ಹನ್ನೆರಡೇ ಜನ, ಬೆಂಚಿಗೊಬ್ಬರು. ಜುಲೈ 22ರಂದು ಭಾಷೆಗಳ ಪರೀಕ್ಷೆ ಮುಗಿದು ಹೊರಬಂದರೆ ಜಡಿಮಳೆ. ಗುಂಪು ಸೇರಬೇಡಿ ಎಂದು ಮೇಷ್ಟ್ರುಗಳು ನಮ್ಮನ್ನು ಗೇಟಿನಿಂದಾಚೆ ಕಳಿಸಿದರು. ಬೀಳ್ಕೊಡುಗೆಯಿಲ್ಲ, ಫೋಟೊ ಇಲ್ಲ. ಅರ್ಧ ತರಗತಿಯನ್ನು ನಾನು ಏಪ್ರಿಲ್ ನಂತರ ನೋಡಿಯೇ ಇಲ್ಲ.

ಗುಮಾಸ್ತರು ರಿಜಿಸ್ಟರಿನಲ್ಲಿ ನನ್ನ ಸಹಿ ಪಡೆದರು. ಮೇಲಿನ ಸಾಲಿನಲ್ಲಿಯೇ ನಿನ್ನ ಹೆಸರಿದೆ, ಮುಂದಿನ ಜಾಗ ಖಾಲಿಯಿದೆ. ನಿನ್ನ ಟಿ.ಸಿ.ಯನ್ನೂ ಕೊಡಿ, ತಲುಪಿಸುತ್ತೇನೆ ಎಂದೆ. ಅವನೇ ಬಂದು ಸಹಿ ಹಾಕಲಿ ಎಂದರು. ಶನಿವಾರ ಕಚೇರಿ ಮಧ್ಯಾಹ್ನದವರೆಗೆ ಮಾತ್ರ ತೆರೆದಿರುತ್ತದೆ, ಬೆಳಗಿನ ಮೊದಲ ಲಾಂಚಿಗೆ ಹೊರಡು. ಟ್ರಂಕು ಇನ್ನೂ ಹಾಸ್ಟೆಲಿನಲ್ಲಿಯೇ ಇದ್ದರೆ ಇಬ್ಬರೂ ಸೇರಿ ಹೊತ್ತು ತರೋಣ. ನಾನು ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ.

ಇಂತಿ ನಿನ್ನ ಬೆಂಚಿನ ಗೆಳೆಯ